ಹಳೇ ಮೈಸೂರಿನ ಒಂದು ಹಳ್ಳಿಯ ಇತಿಹಾಸ: ತಾಲೂಕು ಗ್ರಂಥಾಲಯ ಮುಗಿದ ಮೇಲೆ ದಾಖಲೆ ಎಲ್ಲಿ ಹುಡುಕುವುದು?

ಹಿನ್ನೀರು
ಎಲ್ಲರಿಗೂ ನಮಸ್ಕಾರ. ಕೆ.ಆರ್. ನಗರ ತಾಲೂಕಿನಲ್ಲಿ, ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರದ) ಹಿನ್ನೀರಿಗೆ ಹತ್ತಿರದ ಒಂದು ಹಳ್ಳಿಯ ಇತಿಹಾಸ ಬರೆಯಲು ಊರಿನವರು ಸೇರಿ ಹೊರಟಿದ್ದೇವೆ. ತಾಲೂಕು ಗ್ರಂಥಾಲಯದಲ್ಲಿ ಸಿಕ್ಕಿದ್ದು ಜಿಲ್ಲಾ ಗೆಜೆಟಿಯರ್ ಮತ್ತು ಎರಡು ಸ್ಥಳಪುರಾಣ, ಅಷ್ಟೆ. ಊರಲ್ಲಿ ಎರಡು ವೀರಗಲ್ಲು, ಅಕ್ಷರ ಸವೆದ ಒಂದು ಕಲ್ಲು ಮತ್ತು ಒಂದು ಹಳೆಯ ಈಶ್ವರನ ಗುಡಿ ಇವೆ. ಕಟ್ಟೆ ಕಟ್ಟುವ ಮೊದಲು ಊರು ಈಗಿನ ಜಾಗದಲ್ಲಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಮುಂದೆ ಎಲ್ಲಿಗೆ ಹೋಗಬೇಕು, ಯಾವುದನ್ನು ಮೊದಲು ನೋಡಬೇಕು?

ಕಡತ
ಯಾವ ಕಚೇರಿಗೂ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಊರು ಯಾವ ಕಾಲದಲ್ಲಿ ಯಾವ ತಾಲೂಕು, ಯಾವ ಜಿಲ್ಲೆ, ಯಾವ ಸರ್ಕಾರದ ಕೆಳಗಿತ್ತು ಎಂದು ಬರೆದುಕೊಳ್ಳಿ. ದಾಖಲೆ ಕೂತಿರುವುದು ಈಗಿನ ಗಡಿಯ ಪ್ರಕಾರ ಅಲ್ಲ, ಅದನ್ನು ಬರೆದ ದಿನದ ಗಡಿಯ ಪ್ರಕಾರ. ದಾಖಲೆ ಇದ್ದೂ ಸಿಗದೆ ಹೋಗುವುದು ಬಹುತೇಕ ಇದೇ ಕಾರಣಕ್ಕೆ.

ನಿಮ್ಮದು ಹಳೇ ಮೈಸೂರು, ಹಾಗಾಗಿ ಸುಲಭ. ಆದರೂ ಕೆ.ಆರ್. ನಗರ ಎಂಬ ತಾಲೂಕಿನ ಹೆಸರು ಇತ್ತೀಚಿನದು. ಹಳೆಯ ಕಾಗದಗಳಲ್ಲಿ ಅದು ಎಡತೊರೆ ತಾಲೂಕು. 1831ರಿಂದ 1881ರವರೆಗಿನ ಕಮಿಷನರ್ ಆಡಳಿತದಲ್ಲಿ ಅಷ್ಟಗ್ರಾಮ ವಿಭಾಗ ಅಂತ ಒಂದು ಮೇಲಿನ ಹಂತವೂ ಇತ್ತು. ನಿಮ್ಮ ಊರು ಈಗ ಹೊಸ ಸಾಲಿಗ್ರಾಮ ತಾಲೂಕಿಗೆ ಸೇರಿದ್ದರೆ ಆ ಹೆಸರಲ್ಲಿ ಹಳೆಯ ಫೈಲು ಒಂದೂ ಸಿಗದು. ಇದೇ ರೀತಿ ಪಾಂಡವಪುರ ಅಂದರೆ ಫ್ರೆಂಚ್ ರಾಕ್ಸ್, ರಾಮನಗರ ಅಂದರೆ ಕ್ಲೋಸ್‌ಪೇಟೆ, ಕೃಷ್ಣರಾಜಪೇಟೆ ಅಂದರೆ ಅತ್ತಿಕುಪ್ಪೆ, ಚಿಕ್ಕಮಗಳೂರು ಜಿಲ್ಲೆ ಅಂದರೆ ಕಡೂರು ಜಿಲ್ಲೆ.

ಇದಾದ ಮೇಲೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಗುರುತಿನ ಚೀಟಿ, ವಿಷಯ ಮತ್ತು ಕಾಲಾವಧಿ ಸ್ಪಷ್ಟವಾಗಿ ಬರೆದ ಅರ್ಜಿ, ಸಂಘ ಅಥವಾ ಕಾಲೇಜಿನ ಲೆಟರ್‌ಹೆಡ್ಡಿನ ಪರಿಚಯ ಪತ್ರ ಇವಿಷ್ಟು ಕೈಯಲ್ಲಿರಲಿ. ಅರ್ಜಿಯಲ್ಲಿ “ನಮ್ಮ ಊರಿನ ಇತಿಹಾಸ” ಎಂದು ಬರೆದರೆ ಸಿಬ್ಬಂದಿಗೆ ಏನು ತೆಗೆದುಕೊಡಬೇಕೋ ತಿಳಿಯುವುದಿಲ್ಲ. “ಎಡತೊರೆ ತಾಲೂಕು, ಕೃಷ್ಣರಾಜಸಾಗರ ಮುಳುಗಡೆ, ಭೂಸ್ವಾಧೀನ ಮತ್ತು ಪರಿಹಾರ, 1911ರಿಂದ 1935” ಎಂದು ಬರೆದರೆ ಯಾವ ಇಲಾಖೆಯ ಯಾವ ವರ್ಷದ ಸೂಚಿ ಎಂದು ಅವರೇ ಹೇಳುತ್ತಾರೆ. ಫೈಲುಗಳು ಊರಿನ ಹೆಸರಲ್ಲಿಲ್ಲ, ಇಲಾಖೆ ಮತ್ತು ವರ್ಷದ ಮೇಲೆ ಇವೆ. ಮೊದಲ ದಿನವೆಲ್ಲ ಸೂಚಿ ಪುಸ್ತಕಕ್ಕೇ ಮೀಸಲಿಡಿ.

ಭೂಸ್ವಾಧೀನದ ಅಧಿಸೂಚನೆ ಮೈಸೂರು ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರರ ಹೆಸರು ಇರುತ್ತವೆ. ಮುಳುಗಿದ ಊರಲ್ಲಿ ಯಾರ್ಯಾರ ಮನೆತನ ಇತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಕಷ್ಟ.

ಇನ್ನೊಂದು, ಬಹಳ ಜನ ಕೈಹಾಕದ ಗಣಿ: ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು. ಸಭೆ ಶುರುವಾದದ್ದು 1881ರಲ್ಲಿ. ತಾಲೂಕಿನ ಪ್ರತಿನಿಧಿಗಳು ಕೆರೆ ಏರಿ ಒಡೆದದ್ದು, ಸಂತೆ, ಶಾಲೆ, ಪ್ಲೇಗು, ಕಂದಾಯ ಮಾಫಿ ಎಲ್ಲವನ್ನೂ ಅಲ್ಲಿ ಎತ್ತುತ್ತಿದ್ದರು, ಸರ್ಕಾರದ ಉತ್ತರವೂ ಜೊತೆಗೇ ಅಚ್ಚಾಗುತ್ತಿತ್ತು. ಊರಿನ ಜನಕ್ಕೆ ಏನು ಬೇಕಿತ್ತು ಎಂಬುದು ಗೆಜೆಟಿಯರ್‌ನಲ್ಲಿ ಸಿಗದು, ಇಲ್ಲಿ ಸಿಗುತ್ತದೆ.

ಶಾಸನಸಂಗ್ರಹ
ಕಲ್ಲುಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿನ ಶಾಸನ ಈಗಾಗಲೇ ಅಚ್ಚಾಗಿದೆಯೇ ಎಂದು ಮೊದಲು ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ (ಚುಟುಕಾಗಿ ಎ.ಕ.) ನಾಲ್ಕನೇ ಸಂಪುಟದಲ್ಲಿ (1898) ಎಡತೊರೆ ತಾಲೂಕು ಇದೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಬೇರೆಬೇರೆ ಭಾಗದಲ್ಲಿವೆ, ಮೂರಕ್ಕೂ ನಂಬರ್ ಒಂದೇ. ಅನುವಾದ ಮಾತ್ರ ಓದಿ ಮುಗಿಸಬೇಡಿ. ಗದ್ದೆ, ಬೆದ್ದಲು, ಸುಂಕಗಳ ಹೆಸರು ಅನುವಾದದಲ್ಲಿ ಕರಗಿ ಹೋಗಿರುತ್ತವೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಎಡವುವುದು ಇಲ್ಲೇ. ಹೊಸ ಸಂಪುಟಗಳಲ್ಲಿ ತಾಲೂಕುಗಳ ಹಂಚಿಕೆ ಬೇರೆ, ಶಾಸನದ ನಂಬರೂ ಬೇರೆ. ಒಂದು ಲೇಖನದಲ್ಲಿ “ಎ.ಕ. 4, ಎಡತೊರೆ” ಎಂದು ಕಂಡರೆ ಅದು ರೈಸ್ ಕಾಲದ್ದು. ಅದೇ ಕಲ್ಲು ಹೊಸ ಆವೃತ್ತಿಯಲ್ಲಿ ಕೃಷ್ಣರಾಜನಗರದ ಕೆಳಗೆ ಬೇರೆ ನಂಬರಿನಲ್ಲಿರುತ್ತದೆ. ಇದನ್ನು ಗಮನಿಸದವರು ಒಂದೇ ಶಾಸನವನ್ನು ಎರಡೆಂದು ಎಣಿಸುತ್ತಾರೆ. ಹಳೆಯ ನಂಬರನ್ನು ಹೊಸದರ ಜೊತೆ ತಾಳೆ ಹಾಕಿ ಎರಡನ್ನೂ ಬರೆದಿಡಿ.

ಕೊಳ್ಳೇಗಾಲದವರು ಯಾರಾದರೂ ಓದುತ್ತಿದ್ದರೆ: ನಿಮ್ಮ ತಾಲೂಕು 1956ರವರೆಗೆ ಮದ್ರಾಸಿನಲ್ಲಿತ್ತು, ಹಾಗಾಗಿ ರೈಸ್‌ನಲ್ಲಿ ಹುಡುಕಬೇಡಿ, ಪರಿಷ್ಕೃತ ಸಂಪುಟ ನೋಡಿ.

ಸಂಪುಟಗಳಲ್ಲಿ ಇಲ್ಲದ್ದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಇರಬಹುದು. ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಅವರ ಕಾಲದ ವರದಿಗಳು ಶಾಸನ ಅಷ್ಟೇ ಅಲ್ಲ, ಗುಡಿಯ ವಿನ್ಯಾಸ, ನಾಣ್ಯ, ಹಸ್ತಪ್ರತಿಗಳನ್ನೂ ದಾಖಲಿಸಿವೆ. ನಿಮ್ಮ ಈಶ್ವರನ ಗುಡಿ ಅಲ್ಲಿ ಒಂದು ಪ್ಯಾರಾ ಇದ್ದರೂ ಇರಬಹುದು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ಶಾಖೆ ಮೈಸೂರಿನಲ್ಲೇ ಇದೆ, ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚುಪ್ರತಿಗಳ ದೊಡ್ಡ ಸಂಗ್ರಹ ಅಲ್ಲಿದೆ. ಪುಸ್ತಕದಲ್ಲಿ ಅಚ್ಚಾದ ಓದಿನ ಮೇಲೆ ಅನುಮಾನ ಬಂದರೆ ಅಲ್ಲಿ ವಿಚಾರಿಸಿ.

ಹಿನ್ನೀರು
ತುಂಬಾ ಉಪಕಾರವಾಯಿತು ಸರ್. ಸವೆದ ಕಲ್ಲಿನಲ್ಲಿ “ಸುಭಾನು ಸಂವತ್ಸರ” ಎಂಬುದು ಮಾತ್ರ ಓದಲು ಬರುತ್ತದೆ. ಶಕ ವರ್ಷ ಹೋಗಿದೆ. ಸುಣ್ಣ ಬಳಿದು ಅಕ್ಷರ ಎದ್ದು ಕಾಣುವಂತೆ ಮಾಡೋಣ ಎಂದು ಕೆಲವರು ಹೇಳುತ್ತಿದ್ದಾರೆ.

ಶಾಸನಸಂಗ್ರಹ
ಸುಣ್ಣ ಬೇಡವೇ ಬೇಡ. ಎಣ್ಣೆ, ಬಣ್ಣ, ಅರಿಶಿನ, ಚಾಕ್‌ಪೀಸ್ ಒಂದೂ ಬೇಡ. ಸುಣ್ಣ ಅಕ್ಷರದ ತಳದಲ್ಲಿ ಗಟ್ಟಿಯಾಗಿ ಕೂತರೆ ಮುಂದೆ ಒಳ್ಳೆಯ ಅಚ್ಚು ತೆಗೆಯಲು ಆಗುವುದಿಲ್ಲ. ಚಾಕ್‌ಪೀಸಿನಿಂದ ತಿದ್ದುವುದು ಇನ್ನೂ ಅಪಾಯ: ತಿದ್ದಿದವರು ಅಂದುಕೊಂಡ ಅಕ್ಷರ ಫೋಟೊದಲ್ಲಿ ಶಾಸನದ ಅಕ್ಷರವಾಗಿಬಿಡುತ್ತದೆ. ತಂತಿ ಬ್ರಶ್ಶು, ಆಸಿಡ್ ಮುಟ್ಟಲೂ ಬಾರದು.

ಬರೀ ನೀರು, ಮೆತ್ತನೆಯ ನೈಲಾನ್ ಬ್ರಶ್ಶು ಸಾಕು. ಒಣಗಿದ ಮೇಲೆ ಸೂರ್ಯ ಇಳಿಯುವ ಹೊತ್ತಿಗೆ ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿಯಿರಿ. ಅಕ್ಷರದ ಹಳ್ಳದಲ್ಲಿ ನೆರಳು ಬೀಳುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ದಿಕ್ಕಿನಿಂದಲೂ ಬೆಳಕು ಹಾಯಿಸಿ ಪ್ರತಿ ಸಲ ಫೋಟೊ ತೆಗೆಯಿರಿ. ಒಂದೇ ಬೆಳಕಿನಲ್ಲಿ ಅಡ್ಡಗೆರೆ ಕಂಡರೆ ಉದ್ದಗೆರೆ ಮಾಯವಾಗುತ್ತದೆ, ದೀರ್ಘ, ಒತ್ತಕ್ಷರಗಳು ತಪ್ಪುವುದು ಹಾಗೆಯೇ. ಕ್ಯಾಮೆರಾ ಕಲ್ಲಿಗೆ ನೇರವಾಗಿರಲಿ, ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ, ಕಲ್ಲಿನ ಹಿಂಬದಿ ಮತ್ತು ಪಕ್ಕಗಳನ್ನೂ ನೋಡಿ. ಶಾಸನ ಪಕ್ಕಕ್ಕೆ ಮುಂದುವರಿದಿರುವುದು ಅಪರೂಪವಲ್ಲ. ಕಲ್ಲು ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಅಚ್ಚು ತೆಗೆಯುವ ಮೊದಲು ಇಲಾಖೆಯ ಅನುಮತಿ ಬೇಕು.

ಸುಭಾನು ಅಥವಾ ಸ್ವಭಾನು ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 1343, 1403, 1463, 1523, ಹೀಗೆ. ಅದರಿಂದ ಮಾತ್ರ ಕಾಲ ಹೇಳಲಾಗದು. ರಾಜನ ಹೆಸರು ಅಥವಾ ಬಿರುದಿನ ತುಂಡು ಸಿಕ್ಕಿದರೆ ಒಂದೆರಡಕ್ಕೆ ಇಳಿಯುತ್ತದೆ. ಲಿಪಿಯ ರೂಪ ನೋಡಿ ಶತಮಾನ ಅಂದಾಜಿಸಬಹುದು, ಆದರೆ ಅದಕ್ಕೆ ಪಳಗಿದ ಕಣ್ಣು ಬೇಕು. ತಿಂಗಳು, ತಿಥಿ, ವಾರ ಮೂರೂ ಉಳಿದಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕದಲ್ಲಿ ತಾಳೆ ನೋಡಿ. ಯಾವ ಸುತ್ತಿನಲ್ಲಿ ಆ ತಿಥಿ ಆ ವಾರಕ್ಕೆ ಬರುತ್ತದೋ ಅದು ಬಲವಾದ ಸಾಧ್ಯತೆ.

ಶಕ ವರ್ಷ ಇದ್ದರೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಆದರೆ ಮಾಘ, ಫಾಲ್ಗುಣದ ಶಾಸನಕ್ಕೆ 79 ಕೂಡಿಸಬೇಕು, ಏಕೆಂದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಪುಷ್ಯ ಎರಡು ವರ್ಷಕ್ಕೂ ಚಾಚಿಕೊಳ್ಳುವುದರಿಂದ ತಿಥಿ ನೋಡದೆ ಹೇಳಬೇಡಿ. ಶಕ ವರ್ಷವೂ ಸಂವತ್ಸರವೂ ಒಂದಕ್ಕೊಂದು ಹೊಂದದಿದ್ದರೆ ಗಾಬರಿ ಬೇಡ, ಒಂದು ವರ್ಷದ ವ್ಯತ್ಯಾಸ ಶಾಸನಗಳಲ್ಲಿ ಸಾಮಾನ್ಯ. ಶಕದ ಅಂಕಿ ಅನುಮಾನವಾದಾಗ ಸಂವತ್ಸರವನ್ನೇ ಹಿಡಿಯುವುದು ವಾಸಿ.

ಮೋಜಣಿ
ಹಿರಿಯರು ಹೇಳುವ ಹಳೆಯ ಊರಿನ ಜಾಗ ಹುಡುಕಲು ನಕ್ಷೆ ಬೇಕು. ಕಂದಾಯ ಗ್ರಾಮದ ನಕ್ಷೆಗಳನ್ನು ಭೂದಾಖಲೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅಳತೆ 1:7920, ಅಂದರೆ ಒಂದು ಮೈಲಿಗೆ ಎಂಟು ಅಂಗುಲ. ಸರ್ವೆ ನಂಬರಿನ ಗಡಿ, ಕೆರೆ, ಹಳ್ಳ, ಬಂಡಿದಾರಿ, ಗುಡಿ, ಮನೆಗಳಿರುವ ಗ್ರಾಮಠಾಣ ಎಲ್ಲ ಅದರಲ್ಲಿವೆ. ಪಿಡಿಎಫನ್ನು ಅಳತೆ ಬದಲಾಗದಂತೆ ಮುದ್ರಿಸಿ. ಹಾಳೆಗೆ ಹೊಂದಿಸಿ ಮುದ್ರಿಸಿದರೆ ಅಳತೆ ಕೆಡುತ್ತದೆ.

ನಕ್ಷೆಯ ಜೊತೆಗೆ ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಮೂಲ ಟಿಪ್ಪಣಿ (ಮೊದಲ ಮೋಜಣಿಯ ಅಳತೆಯ ಚಿತ್ರ) ಕೇಳಿ. ಅರ್ಜಿ ತಾಲೂಕಿನ ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಗೆ, ಸರ್ವೆ ನಂಬರ್ ಸಮೇತ. ಪಹಣಿಯಲ್ಲಿ ಈಗ ಇರುವ ಹಿಸ್ಸಾ (ಪಾಲಾದ ತುಂಡಿನ) ನಂಬರ್ ಕೊಟ್ಟರೆ ಹಳೆಯದು ಸಿಗದು. ಮೂಲ ಸರ್ವೆ ನಂಬರನ್ನೇ ಕೊಡಿ. ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಎಂದು ಬಿಟ್ಟ ಜಾಗಗಳ ಪಟ್ಟಿ ಓದಿ: ಹಾಳು ಗ್ರಾಮಠಾಣ, ಕೋಟೆ, ಸ್ಮಶಾನ, ಕಟ್ಟೆ ಇವೆಲ್ಲ ಅಲ್ಲಿ ಹೆಸರು ಸಮೇತ ಉಳಿದಿರುತ್ತವೆ.

ಪಕ್ಕದಲ್ಲಿ ಯಾವುದಾದರೂ ಬೇಚರಾಕ್ ಗ್ರಾಮ ಇದೆಯೇ ಎಂಬುದನ್ನೂ ನೋಡಿ. ಜನವಸತಿ ಇಲ್ಲ, ಆದರೆ ಕಂದಾಯದ ಪಟ್ಟಿಯಲ್ಲಿ ಹೆಸರು ಬದುಕಿರುತ್ತದೆ. ಶಾಸನದಲ್ಲಿ ಬರುವ, ಈಗ ಯಾರಿಗೂ ಗೊತ್ತಿಲ್ಲದ ಊರಿನ ಹೆಸರು ಅನೇಕ ಸಲ ಹೀಗೇ ಪತ್ತೆಯಾಗುತ್ತದೆ. ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿಯೂ ಜನಸಂಖ್ಯೆ ಇಲ್ಲದ ಗ್ರಾಮವೆಂದು ಇವು ಬರುತ್ತವೆ.

ಊರು ಮುಳುಗಡೆಯಲ್ಲಿ ಮೇಲಕ್ಕೆ ಸರಿದಿದೆಯೇ ಎಂದು ತಿಳಿಯಲು ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆ. ಕೆ.ಆರ್. ನಗರ ಸುತ್ತಲಿನದು 57 ಡಿ/7, ಕಟ್ಟೆಯ ಕಡೆಯದು 57 ಡಿ/11. ಕಟ್ಟೆಗೆ ಮುಂಚಿನ, ಮೈಲಿಗೆ ಒಂದು ಅಂಗುಲದ ಹಾಳೆ ಸಿಕ್ಕಿದರೆ ಈಗಿನದರ ಮೇಲೆ ಕೂರಿಸಿ ನೋಡಿ. ಕೂರಿಸುವಾಗ ನದಿಯ ದಡವನ್ನು ಗುರುತಾಗಿ ಹಿಡಿಯಬೇಡಿ, ನೀರು ನಿಂತ ಮೇಲೆ ದಡ ಎಲ್ಲಿಯದೋ. ಬೆಟ್ಟದ ನೆತ್ತಿ, ಹಳೆಯ ಗುಡಿ, ತ್ರಿಕೋನ ಮೋಜಣಿಯ ಕಲ್ಲು ಇಂಥ ಅಲುಗದ ನಾಲ್ಕೈದು ಬಿಂದು ಸಾಕು. ಊರಿನ ಹೆಸರಿಗೆ “ಹೊಸ” ಸೇರಿದ್ದರೆ ಹುಡುಕಾಟ ಅಲ್ಲಿಂದಲೇ ಶುರು. ಕನ್ನಂಬಾಡಿಯೇ ಹೊಸಕನ್ನಂಬಾಡಿ ಆದದ್ದು ಹೀಗೆ.

ನಿಮ್ಮ ಊರು ಇನಾಮು ಗ್ರಾಮವಾಗಿದ್ದರೆ ಬೇರೆ ದಾರಿ. ಸರ್ವಮಾನ್ಯ (ಕಂದಾಯವೇ ಇಲ್ಲದ), ಜೋಡಿ (ಕಡಿಮೆ ಕಂದಾಯದ) ಇನಾಮುಗಳಲ್ಲಿ ಹೊಲವಾರು ದಾಖಲೆ ಸರ್ಕಾರಿ ಗ್ರಾಮಗಳಷ್ಟು ಹಳೆಯದಿಲ್ಲದಿರಬಹುದು. ಅಲ್ಲಿ ಇನಾಮು ರಿಜಿಸ್ಟರ್, ಆಮೇಲೆ 1954 ಮತ್ತು 1955ರ ಇನಾಮು ರದ್ದತಿ ಕಾಯಿದೆಗಳ ಕೆಳಗಿನ ಫೈಲುಗಳನ್ನು ನೋಡಿ. ಯಾವ ರಾಜನ ಯಾವ ಸನ್ನದಿನಿಂದ (ದಾನಪತ್ರದಿಂದ) ಇನಾಮು ಬಂತು ಎಂಬುದನ್ನು ಇನಾಮದಾರರೇ ಅಲ್ಲಿ ಸಾಬೀತು ಮಾಡಬೇಕಿತ್ತು, ಹಾಗಾಗಿ ಸನ್ನದಿನ ನಕಲೂ ಸಿಗಬಹುದು. ಗುಡಿಯ ತಸ್ತೀಕು (ಸರ್ಕಾರ ಕೊಡುವ ವಾರ್ಷಿಕ ಹಣ), ಆಸ್ತಿಪಟ್ಟಿ ತಾಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ.

ಮಲಪ್ರಭಾ
ನಮಸ್ಕಾರ್ರಿ. ನಾವು ನರಗುಂದದ ಕಡೆಯವರು. ಈ ಮೈಸೂರಿನ ಲೆಕ್ಕ ನಮ್ಮ ಕಡೆ ಪೂರಾ ನಡೆಯೂದಿಲ್ಲರಿ. ಓದವ್ರಿಗೆ ಉಪಯೋಗ ಆಗ್ಲಿ ಅಂತ ಬರೀತೀನಿ.

ಧಾರವಾಡ, ಬೆಳಗಾವಿ, ವಿಜಯಪುರ 1956ರ ತನಕ ಮುಂಬಯಿ ಪ್ರಾಂತ. ಮೊದಲ ಹೆಜ್ಜೆ 1884ರ ಮುಂಬಯಿ ಗೆಜೆಟಿಯರ್: 21ನೇ ಸಂಪುಟ ಬೆಳಗಾವಿ, 22 ಧಾರವಾಡ, 23 ವಿಜಯಪುರ. ಆದ್ರ ಅದಕ್ಕಿಂತ ಆಳ ಇರೂದು ತಾಲೂಕಾವಾರು ರಿವಿಜನ್ ಸರ್ವೆ ಸೆಟಲ್‌ಮೆಂಟ್ ಕಾಗದದಾಗ. ಮೂವತ್ತು ವರ್ಷಕ್ಕೊಮ್ಮೆ ಕಂದಾಯ ಹೊಸದಾಗಿ ನಿಗದಿ ಮಾಡೂ ಮುಂದ ಅಧಿಕಾರಿ ಬರದ ವರದಿ ಅವು. ಮಳಿ, ಬೆಳಿ, ಜ್ವಾಳದ ದರ, ಸಂತಿ, ಮಗ್ಗ, ಬಾವಿ, ಎತ್ತು, ಬರ ಎಲ್ಲಾ ಅದರಾಗ ಅದ. ಪುಣೆಯ ಗೋಖಲೆ ಸಂಸ್ಥೆಯ ಡಿಜಿಟಲ್ ಸಂಗ್ರಹದಾಗ ಇಂಥಾ ಭಾಳ ವರದಿ ಪುಕ್ಕಟೆ ಸಿಗತಾವ.

ಸಂಸ್ಥಾನದ ಊರಾದ್ರ ಮತ್ತ ಬ್ಯಾರೆ. ನರಗುಂದ 1858ರ ತನಕ ಸಂಸ್ಥಾನ, ಜಮಖಂಡಿ, ಮುಧೋಳ, ರಾಮದುರ್ಗ 1948ರ ತನಕ. ಸಂಸ್ಥಾನದ ಕಾಲದ ಕಾಗದ ಮುಂಬಯಿ ಪತ್ರಾಗಾರದ ರಾಜಕೀಯ ಇಲಾಖೆಯೊಳಗ ಹುಡುಕ್ರಿ. ಪೇಶ್ವೆ ಕಾಲದ್ದು ಪುಣೆ ಪತ್ರಾಗಾರದಾಗ. ಅವೆಲ್ಲ ಮೋಡಿ ಲಿಪಿ, ಮರಾಠಿ ಬರಿಯೂ ಹಳೇ ಕೂಡುಬರಹ. ದೇವನಾಗರಿ ಬಂದ್ರ ಮೋಡಿ ಬಂದಂಗಲ್ಲ, ಕಲಿತವ್ರನ್ನ ಜೋಡಿ ಕರಕೊಂಡು ಹೋಗ್ರಿ. ಶಾಸನಕ್ಕ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟ, ದಕ್ಷಿಣ ಭಾರತ ಶಾಸನ ಮಾಲೆಯ 11, 15, 18, 20ನೇ ಸಂಪುಟ. “ಚಾಳುಕ್ಯ ವಿಕ್ರಮ ವರ್ಷ” ಅಂತ ಇದ್ರ 1075 ಕೂಡಿಸ್ರಿ, ಶಕದ್ದು ಕೂಡಿಸಬ್ಯಾಡ್ರಿ.

ಇನ್ನೊಂದು ಮಾತು, ಹೆಳವರನ್ನ ಮರೀಬ್ಯಾಡ್ರಿ. ಸುಗ್ಗಿ ಮುಗದ ಮ್ಯಾಲ ಎತ್ತಿನ ಮ್ಯಾಲ ಬಂದು ಮನಿತನದ ಹೆಸರು ಹೇಳತಾರಲ್ಲ, ಅವರ ಹತ್ತಿರ ವಂಶಾವಳಿಯ ಪುಸ್ತಕ ಇರತಾವ. ಇಸವಿ ನಂಬಲಿಕ್ಕೆ ಬರೂದಿಲ್ಲ, ಆದ್ರ ಯಾವ ಮನಿತನ ಯಾವ ಊರಿಂದ ಬಂತು ಅನ್ನೂದು ಬ್ಯಾರೆ ಎಲ್ಲೂ ಸಿಗೂದಿಲ್ಲ.

ಕರಾವಳಿಓದು
ಉತ್ತರ ಕನ್ನಡದವರಿಗೆ ಒಂದು ಎಚ್ಚರಿಕೆ. ನಿಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು. ಆದ್ದರಿಂದ ಅದಕ್ಕೆ ಮುಂಚಿನ ಕಡತ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ನಂತರದ್ದು ಮುಂಬಯಿಯಲ್ಲಿ. ದಕ್ಷಿಣ ಕನ್ನಡ ಮತ್ತು ಉಡುಪಿಯದು 1956ರವರೆಗೂ ಚೆನ್ನೈ, ಬಳ್ಳಾರಿಯದು 1953ರ ಅಕ್ಟೋಬರ್‌ವರೆಗೆ. ಸುಳ್ಯ, ಪುತ್ತೂರು ಸೀಮೆಯ ಕೆಲವು ಮಾಗಣೆಗಳು (ಊರುಗಳ ಗುಂಪುಗಳು) 1834ರವರೆಗೆ ಕೊಡಗಿನ ಅರಸರಲ್ಲಿದ್ದವು. ಮದ್ರಾಸು ಪದ್ಧತಿಯ ಕಡೆ ಆಕಾರಬಂದ್ ಎಂದು ಕೇಳಬೇಡಿ, ಎ-ರಿಜಿಸ್ಟರ್ (ಸರ್ವೆ ನಂಬರುಗಳ ಪಟ್ಟಿ), ಎಫ್‌ಎಂಬಿ (ಹೊಲದ ಅಳತೆ ಪುಸ್ತಕ), ಅಡಂಗಲ್ (ಸಾಗುವಳಿ ಲೆಕ್ಕ) ಎಂದು ಕೇಳಿ. ಫಸಲಿ ಎಂಬ ಕಂದಾಯ ವರ್ಷಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ: ಫಸಲಿ 1300 ಅಂದರೆ 1890-91.

ಬಾಸೆಲ್ ಮಿಷನ್ ಇದ್ದ ಊರುಗಳಿಗೆ (ಮಂಗಳೂರು 1834, ಧಾರವಾಡ 1837, ಹುಬ್ಬಳ್ಳಿ 1839) ಬಾಸೆಲ್ ಪತ್ರಾಗಾರದ ಜಾಲತಾಣದಲ್ಲಿ ಹಳೆಯ ಫೋಟೊ, ನಕ್ಷೆ ಇವೆ. ಕೈಬರಹದ ವರದಿ ಜರ್ಮನ್‌ನಲ್ಲಿ, ಅದೂ ಹಳೆಯ ಲಿಪಿಯಲ್ಲಿ. ಅಚ್ಚಾದ ವಾರ್ಷಿಕ ವರದಿಗಳಿಂದ ಶುರು ಮಾಡುವುದು ಒಳ್ಳೆಯದು.

ಬಹಮನಿ
ಬೀದರ್, ಕಲಬುರಗಿ, ರಾಯಚೂರಿನವರಿಗೆ: ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರ. ದಾಖಲೆ ಉರ್ದು, ಹಳೆಯದು ಫಾರಸಿ. ನಿಮ್ಮ ಊರು ದಿವಾನಿಯೋ (ನೇರ ಸರ್ಕಾರದ್ದು), ಪಾಯಗಾ ಜಾಗೀರೋ (ಪಾಯಗಾ ಮನೆತನದ ಅಮೀರರದ್ದು), ಸರ್ಫೆ ಖಾಸೋ (ನಿಜಾಮರ ಸ್ವಂತದ್ದು) ಎಂದು ಮೊದಲು ತಿಳಿದುಕೊಳ್ಳಿ. ಆಳಂದ, ಚಿಟಗುಪ್ಪ ಪಾಯಗಾದಲ್ಲಿದ್ದವು, ಅವನ್ನು ದಿವಾನಿ ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಿನ್ನೀರು
ಮನೆಗಳಲ್ಲಿರುವ ಕಾಗದಗಳ ಬಗ್ಗೆ ಯಾರಾದರೂ ಹೇಳುವಿರಾ? ಹಳೆಯ ಶಾನುಭೋಗರ ಮನೆಯವರು ತೋರಿಸಲು ಹಿಂದೇಟು ಹಾಕುತ್ತಿದ್ದಾರೆ.

ಕಡತ
ಹಿಂದೇಟಿಗೆ ಕಾರಣವಿದೆ. ಜಮೀನಿನ ತಕರಾರಿಗೆ ಬಳಸಿಯಾರು ಎಂಬ ಭಯ. 1963ರ ಫೆಬ್ರವರಿ 1ರಿಂದ ಶಾನುಭೋಗಿಕೆ ರದ್ದಾದ ಮೇಲೆ ಲೆಕ್ಕದ ಪುಸ್ತಕಗಳು ಸರ್ಕಾರಕ್ಕೆ ಹೋಗಬೇಕಿತ್ತು, ಎಲ್ಲವೂ ಹೋಗಲಿಲ್ಲ. ಆದ್ದರಿಂದ ಮೂಲ ಕೇಳಬೇಡಿ, ಮನೆಯಿಂದ ಹೊರಗೆ ಒಯ್ಯುವ ಮಾತೇ ಎತ್ತಬೇಡಿ. ಅವರ ಜಗಲಿಯಲ್ಲೇ, ಅವರ ಎದುರಿಗೇ ಫೋಟೊ ತೆಗೆದು ಪೂರ್ತಿ ಪ್ರತಿಯನ್ನು ಮೊದಲು ಅವರಿಗೇ ಕೊಡಿ. ಯಾವ ಪುಟ ಪ್ರಕಟಿಸಬಾರದು ಎಂದು ಅವರು ಹೇಳುತ್ತಾರೋ ಅದನ್ನು ಬರೆದು ಸಹಿ ಹಾಕಿಕೊಡಿ. ಶ್ಯಾನುಭೋಗರ ಕಾಗದಕ್ಕಿಂತ ಮೊದಲು ಮದುವೆ ಪತ್ರಿಕೆ, ನಾಟಕದ ಕರಪತ್ರ, ಸಹಕಾರ ಸಂಘದ ಪುಸ್ತಕ ಇಂಥವನ್ನು ಕೇಳಿದರೆ ನಂಬಿಕೆ ಬೆಳೆಯುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ಒಳ್ಳೆಯ ಆಕರ: ತಂದೆಯ ಕಸುಬು, ಎಲ್ಲಿಂದ ಬಂದವರು ಎಂಬುದು ಅದರಲ್ಲಿರುತ್ತದೆ.

ಮಡಿಸುವ ಕಪ್ಪು ಬಟ್ಟೆಯ ಕಡತ ಸಿಕ್ಕಿದರೆ ಒದ್ದೆ ಬಟ್ಟೆ ತಾಗಿಸಬೇಡಿ, ಕೈಯಿಂದ ಉಜ್ಜಲೂಬೇಡಿ. ಅದು ಬಳಪದ ಬರಹ, ಅಳಿಸಿಹೋಗುತ್ತದೆ. ಓಲೆಗರಿಗೆ ನೀವಾಗಿ ಎಣ್ಣೆ ಹಚ್ಚಬೇಡಿ, ಬಾಗಿದ ಗರಿಯನ್ನು ಒತ್ತಿ ನೇರ ಮಾಡಬೇಡಿ. ಹರಿದ ಕಾಗದಕ್ಕೆ ಸೆಲ್ಲೋಟೇಪು ಬೇಡ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿ ಮತ್ತು ಅಂಟಿನಿಂದ ಕಾಗದ ಒಳಗೇ ಹಾಳಾಗುತ್ತದೆ, ಮತ್ತೆ ಬಿಡಿಸಲಾಗದು. ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಫೋಟೊ. ಕಟ್ಟಿನಲ್ಲಿ ಹಾಳೆಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ತೆಗೆಯಿರಿ, ಸರಿ ಮಾಡಲು ಹೋಗಬೇಡಿ.

ಹಸ್ತಪ್ರತಿಗಳು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕನ್ನಡ ಅಧ್ಯಯನ ಸಂಸ್ಥೆ, ಕೆಳದಿ ವಸ್ತುಸಂಗ್ರಹಾಲಯಗಳಲ್ಲಿವೆ. ಬ್ರಿಟಿಷ್ ಮೋಜಣಿ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಕನ್ನಡದವು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದಿವೆ. ಅದರ ಸ್ಥಳನಾಮ ನೋಡಿ. ಕೈಫಿಯತ್ತು ಎಂದರೆ ಊರಿನವರು ಅಧಿಕಾರಿಗೆ ಹೇಳಿದ ತಮ್ಮ ಊರಿನ ಕಥೆ. ಅದರ ಆರಂಭದ ಭಾಗ ಪುರಾಣ, ಕೊನೆಯ ಎರಡು ಮೂರು ತಲೆಮಾರಿನ ಮಾತು ಮಾತ್ರ ಗಟ್ಟಿ.

ಶಾಸನಸಂಗ್ರಹ
ಅಂತರ್ಜಾಲದ ಹುಡುಕಾಟಕ್ಕೆ ಒಂದು ಮಾತು ಸೇರಿಸುತ್ತೇನೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಂಪುಟಗಳೂ ಪುರಾತತ್ವ ವರದಿಗಳೂ ಇವೆ, ಆದರೆ ಭಾರತೀಯ ಡಿಜಿಟಲ್ ಗ್ರಂಥಾಲಯದಿಂದ ಹೋದ ಪ್ರತಿಗಳ ಶೀರ್ಷಿಕೆ ತಪ್ಪುತಪ್ಪಾಗಿ ಇಂಗ್ಲಿಷಿನಲ್ಲಿದೆ. ಒಂದೇ ಕಾಗುಣಿತ ಹಾಕಿ ಇಲ್ಲವೆಂದು ಬಿಡಬೇಡಿ. ಸೆರಿಂಗಪಟಮ್ (ಶ್ರೀರಂಗಪಟ್ಟಣ), ಚಿತಲ್‌ಡ್ರೂಗ್ (ಚಿತ್ರದುರ್ಗ), ಬೆಡ್ನೂರ್ (ಬಿದನೂರು) ಇಂಥ ಹಳೆಯ ರೂಪಗಳನ್ನೂ ಹಾಕಿ ನೋಡಿ. ಹಳೆಯ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದುವುದಿಲ್ಲ, ಹುಡುಕು ಪೆಟ್ಟಿಗೆಯಲ್ಲಿ ಬರಲಿಲ್ಲವೆಂದರೆ ಪುಸ್ತಕದಲ್ಲಿ ಇಲ್ಲವೆಂದಲ್ಲ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಎಂಬ ಜಾಲತಾಣವನ್ನೂ ನೋಡಿ, ಮೈಸೂರು ರೆಸಿಡೆನ್ಸಿಯ (ಬ್ರಿಟಿಷ್ ಪ್ರತಿನಿಧಿಯ ಕಚೇರಿಯ) ವಿಷಯಗಳಿಗೆ ಅದು ಬೇಕಾಗುತ್ತದೆ.

ಗೆಜೆಟಿಯರ್ ಬಗ್ಗೆಯೂ ಹೇಳಲೇಬೇಕು. ರೈಸ್ 1877, ಅವರದೇ ಪರಿಷ್ಕರಣೆ 1897, ಹಯವದನರಾಯರದು 1927ರಿಂದ 1930, ಆಮೇಲೆ ರಾಜ್ಯದ ಜಿಲ್ಲಾ ಗೆಜೆಟಿಯರ್. ಒಂದೇ ವಾಕ್ಯ ಒಂದರಿಂದ ಒಂದಕ್ಕೆ ಇಳಿದು ಬಂದಿರುತ್ತದೆ. ನಾಲ್ಕೂ ಪುಸ್ತಕ ಹೇಳುತ್ತವೆ ಎಂದು ನಾಲ್ಕು ಸಾಕ್ಷಿ ಎಂದು ಎಣಿಸಬಾರದು. ಮೊದಲು ಹೇಳಿದವರು ಯಾರು, ಅವರಿಗೆ ಆಧಾರ ಏನು ಎಂದು ಹಿಂದಕ್ಕೆ ಹೋಗಿ. ಬಹಳ ಸಲ ಅದು ಸ್ಥಳಪುರಾಣಕ್ಕೇ ಬಂದು ನಿಲ್ಲುತ್ತದೆ.

ಹಿನ್ನೀರು
ಎಲ್ಲರಿಗೂ ಶರಣು. ಮೊದಲು ನಾಲ್ಕನೇ ಸಂಪುಟದ ಎಡತೊರೆ ಭಾಗ ಮತ್ತು ಗ್ರಾಮ ನಕ್ಷೆ, ಆಮೇಲೆ ಪತ್ರಾಗಾರದ ಸೂಚಿ. ಟಾರ್ಚ್ ಬೆಳಕಿನ ಫೋಟೊಗಳನ್ನು ಇಲ್ಲಿಯೇ ಹಾಕಿದರೆ ಓದಲು ನೆರವಾಗುವಿರಾ?

ಶಾಸನಸಂಗ್ರಹ
ಖಂಡಿತ. ಪ್ರತಿ ಸಾಲಿಗೂ ಬೇರೆ ಫೋಟೊ, ಇಡೀ ಕಲ್ಲಿನದೊಂದು, ಬೆಳಕು ಯಾವ ಕಡೆಯಿಂದ ಎಂದು ಹೆಸರಿನಲ್ಲೇ ಬರೆಯಿರಿ. ವಾಟ್ಸಾಪಿನಲ್ಲಿ ಕಳುಹಿಸಿಕೊಂಡು ಹಾಕಬೇಡಿ, ಚಿತ್ರ ಕುಗ್ಗಿ ಸವೆದ ಅಕ್ಷರ ಪೂರ್ತಿ ಹೋಗುತ್ತದೆ. ಮೂಲ ಕಡತವನ್ನೇ ಡ್ರೈವಿಗೆ ಹಾಕಿ ಕೊಂಡಿ ಕೊಡಿ.